ಮಾರುವ ಮೊದಲೇ ಮಾಲೆ ಬಿದ್ದ ಗಾಡಿ

ಒರುರೊ, ೬ ಮೇ ೨೦೦೨

ಕೊಂಪಾದ್ರೆ ಇಲಾರಿಯೋನ್ ಚಾಂಬಿಯವರಿಗೆ,

ಈ ವರ್ಷದ ಫೆಬ್ರವರಿ ಹನ್ನೆರಡರಂದು, ಕಾರ್ನಿವಲ್ ಮಂಗಳವಾರ, ಸುರಂಗಮಾತೆಯ ಇಗರ್ಜಿಯ ಮುಂದೆ ನೀವು ಒಂದು ಬಿಳಿ ಜೀಪಿಗೆ ಧರ್ಮತಂದೆಯಾಗಿ ನಿಂತಿರಿ. ಪಾದ್ರಿ ತೀರ್ಥ ಚಿಮುಕಿಸಿದರು. ನೀವು ಮಾಲೆ ಹಾಕಿ, ಗಾಲಿಗಳಿಗೆ ಬಿಯರ್ ಸುರಿದು, ಬಣ್ಣದ ಕಾಗದ ತೂರಿ ಚಾಲ್ಯದ ಶಾಸ್ತ್ರ ಮುಗಿಸಿದಿರಿ. ಆ ಜೀಪು ಆಗಿನ್ನೂ ಮಾರಾಟವಾಗಿರಲಿಲ್ಲ. ಅದೇ ವಾರ ನನ್ನ ತಂಗಿಯ ಗಂಡ ಮಕಾರಿಯೊ ಅದನ್ನು ಹಳೆ ಗಾಡಿಗಳ ಸಂತೆಯಲ್ಲಿ ವ್ಯಾಪಾರಿ ವಿಲ್ಮೆರ್‌ನಿಂದ ಕೊಂಡ. ಮಾರ್ಚ್ ಕೊನೆಯಲ್ಲಿ ಘಟ್ಟ ಇಳಿಯುವಾಗ ಸ್ಟೇರಿಂಗ್ ಚಕ್ರ ಅವನ ಕೈಯಲ್ಲಿ ಗಿರ್ರನೆ ತಿರುಗಿತು, ಗಾಲಿ ಮಾತ್ರ ತಿರುಗಲಿಲ್ಲ, ಜೀಪು ಕಂದಕಕ್ಕೆ ಉರುಳಿತು. ಅವನ ಸೊಂಟದ ಮೂಳೆ ಇನ್ನೂ ಕೂಡಿಲ್ಲ.

ಜಪಾನಿನವರು ಬಲಗಡೆ ಕೂತು ಓಡಿಸಿ ಬಿಟ್ಟ ಗಾಡಿಗಳು ಹಡಗಿನಲ್ಲಿ ಬರುವುದು, ನಮ್ಮ ವರ್ಕ್‌ಶಾಪುಗಳಲ್ಲಿ ಅವುಗಳ ಸ್ಟೇರಿಂಗನ್ನು ಕತ್ತರಿಸಿ ಎಡಕ್ಕೆ ಸರಿಸುವುದು ನನಗೆ ಹೊಸದಲ್ಲ. ಬಡವರ ದೇಶ, ಹಳೆಯದನ್ನೇ ಕೊಳ್ಳಬೇಕು. ಹಾಗೆ ಬದಲಾಯಿಸಿದ ಎಷ್ಟೋ ಗಾಡಿಗಳು ಚೆನ್ನಾಗಿಯೂ ಓಡುತ್ತಿವೆ. ಆದರೆ ನಾನು ಕಂದಕಕ್ಕೆ ಇಳಿದು ಮಕಾರಿಯೊನ ಜೀಪು ನೋಡಿದೆ. ಸ್ಟೇರಿಂಗಿನ ದಂಡಕ್ಕೆ ನಿಮ್ಮ ಚಾಲ್ಯದ ಕಾಗದದ ಸುರುಳಿಯನ್ನು ದಪ್ಪವಾಗಿ ಸುತ್ತಲಾಗಿತ್ತು. ಬಿಚ್ಚಿದರೆ ಒಳಗೆ ಬೆಸುಗೆ. ಬೆಸುಗೆ ಬಾಯಿ ಬಿಟ್ಟಿತ್ತು.

ಒಂದೇ ಪ್ರಶ್ನೆ ಕೇಳುತ್ತೇನೆ. ನನಗೆ ಬುದ್ಧಿ ಬಂದಾಗಿನಿಂದ ನಾನು ಕಂಡ ಪದ್ಧತಿ ಹೀಗೆ: ಜನ ಗಾಡಿ ನೋಡುತ್ತಾರೆ, ಕೊಳ್ಳುತ್ತಾರೆ, ಆಮೇಲೆ ತಮಗೆ ಬೇಕಾದವರನ್ನು ಧರ್ಮತಂದೆಯಾಗಿ ಕರೆದು ಇಗರ್ಜಿಗೆ ಒಯ್ಯುತ್ತಾರೆ. ಮಾರುವವನೇ ಮೊದಲು ಆಶೀರ್ವಾದ ಮಾಡಿಸಿ, ಆಮೇಲೆ ಗಿರಾಕಿ ಹುಡುಕುವುದು ಯಾವಾಗಿನಿಂದ ಶುರುವಾಯಿತು? ಹಳೆ ಗಾಡಿ ವ್ಯಾಪಾರಿಗಳ ಸಂಘಕ್ಕೆ ನೀವು ಅಧ್ಯಕ್ಷರಾದ ಮೇಲಿನಿಂದ ಎಂದು ಜನ ಹೇಳುತ್ತಾರೆ.

ಈಗ ನಿಯೆವೆಸ್ ತನ್ನ ಆರೋಗ್ಯ ಕೇಂದ್ರಕ್ಕೆಂದು ಅದೇ ಸಂತೆಯಲ್ಲಿ, ಅದೇ ವಿಲ್ಮೆರ್‌ನ ಅಂಗಳದಲ್ಲಿ ಒಂದು ಬೂದು ಜೀಪಿಗೆ ಕಣ್ಣು ಹಾಕಿದ್ದಾಳೆ. ಆ ಗಾಡಿಗೂ ನಿಮ್ಮ ಮಾಲೆ ಬಿದ್ದಿದೆಯಂತೆ. ನಿಯೆವೆಸ್ ನನಗೆ ಮಗಳು, ನಿಮಗೆ ಧರ್ಮಪುತ್ರಿ. ಆ ನಂಟಿನಿಂದಲೇ ನೀವು ನನಗೆ ಕೊಂಪಾದ್ರೆ, ನಾನು ನಿಮಗೆ ಕೊಮಾದ್ರೆ. ಉತ್ತರ ಬರೆಯಿರಿ.

ಕಸಿಮಿರಾ ತೊರ್ರೆಸ್

*

ಸಂತೆಬೀದಿ, ೧೯ ಮೇ ೨೦೦೨

ಪ್ರೀತಿಯ ಕೊಮಾದ್ರೆ,

ನಿಮ್ಮ ಕಾಗದ ನೋಡಿ ಲೈಬ್ರರಿಯಿಂದ ದಂಡದ ನೋಟಿಸು ಬಂತೇನೋ ಅಂದುಕೊಂಡೆ. ನಿವೃತ್ತಿಯಾದರೂ ನೀವು ಬದಲಾಗಲಿಲ್ಲ ಬಿಡಿ!

ಮಕಾರಿಯೊಗೆ ಆದದ್ದು ಕೆಟ್ಟದ್ದು. ನಾನೂ ಮೊಂಬತ್ತಿ ಹಚ್ಚಿದ್ದೇನೆ. ಆದರೆ ಕಾರ್ನಿವಲ್‌ನಿಂದ ಈಸ್ಟರ್‌ವರೆಗೆ ಅವನು ಒಂದು ದಿನವಾದರೂ ಕುಡಿಯದೆ ಗಾಡಿ ಹತ್ತಿದ್ದನೇ ಎಂದು ನಿಮ್ಮ ತಂಗಿಯನ್ನೇ ಕೇಳಿ. ಬೆಸುಗೆ ಬೆಸುಗೆ ಅನ್ನುತ್ತೀರಿ. ಈ ಊರಿನಲ್ಲಿ ಬೆಸುಗೆ ಇಲ್ಲದ ವಸ್ತು ಯಾವುದಿದೆ? ನಿಮ್ಮ ಮನೆ ಬಾಗಿಲಿಗೂ ಇದೆ, ನಾನೇ ಹಾಕಿಕೊಟ್ಟದ್ದು. ಈಗ ನನ್ನ ಮಗ ಎದ್ವಿನ್ ಅದೇ ಕೆಲಸದಲ್ಲಿದ್ದಾನೆ. ಸ್ಟೇರಿಂಗ್ ಎಡಕ್ಕೆ ತರುವುದರಲ್ಲಿ ಅವನಂಥ ಕೈ ಇನ್ನೊಂದಿಲ್ಲ ಎನ್ನುತ್ತಾರೆ. ನನ್ನ ಸೊಸೆಗೆ ಎರಡನೆಯ ಮಗು ಹುಟ್ಟಿದ್ದು ನಿಮಗೆ ತಿಳಿದಿರಬೇಕು.

ಮೊದಲೇ ಚಾಲ್ಯ ಮಾಡಿಸುವುದು ಗಿರಾಕಿಗಳ ಅನುಕೂಲಕ್ಕೆ. ಹಳ್ಳಿಯಿಂದ ಬಂದವರು ಪಾದ್ರಿಗಾಗಿ ಇಡೀ ದಿನ ಸಾಲಿನಲ್ಲಿ ನಿಲ್ಲಬೇಕೇ? ಧರ್ಮತಂದೆಯ ಕೆಲಸ ಹರಸುವುದು. ದೀಕ್ಷೆಗೆ ತಂದ ಮಗುವಿನ ಬಾಯಿ ತೆರೆದು ಹಲ್ಲು ಎಣಿಸುವ ಧರ್ಮತಂದೆಯನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಬೂದು ಗಾಡಿ ಒಳ್ಳೆಯದು. ನಿಯೆವೆಸ್‌ಗೆಂದೇ ಬೆಲೆ ಇಳಿಸಲು ಹೇಳಿದ್ದೇನೆ. ಭಾನುವಾರ ಮನೆಗೆ ಬನ್ನಿ, ಹುರಿದ ಲಾಮಾ ಮಾಂಸ ಇರುತ್ತದೆ. ನಿಮ್ಮ ಯಜಮಾನ ಸೆವೆರೊ ಹೋದ ಮೇಲೆ ನೀವು ನಮ್ಮ ಹೊಸ್ತಿಲು ತುಳಿದದ್ದೇ ಇಲ್ಲ.

ನಿಮ್ಮ ಇಲಾರಿಯೋನ್

*

ತೊಲಾಪಾಂಪಾ ಆರೋಗ್ಯ ಕೇಂದ್ರ, ೯ ಜೂನ್ ೨೦೦೨

ಅಮ್ಮಾ,

ಧರ್ಮತಂದೆಗೆ ನೀನು ಕಾಗದ ಬರೆದದ್ದು ನನಗೆ ಗೊತ್ತಾಯಿತು. ಮುಖ ತೋರಿಸಲು ನಾಚಿಕೆಯಾಯಿತು. ನಾನು ಕಣ್ಣು ಮುಚ್ಚಿ ಗಾಡಿ ಕೊಳ್ಳುವವಳೆಂದು ತಿಳಿದಿದ್ದೀಯಾ?

ಬೆಳಿಗ್ಗೆ, ವಿಲ್ಮೆರ್ ಅಂಗಳ ಗುಡಿಸುವ ಮೊದಲೇ ಹೋಗಿ ಬಾನೆಟ್ ಮೇಲೆ ಕೈ ಇಟ್ಟೆ. ತಣ್ಣಗಿತ್ತು. ನಮ್ಮ ಚಳಿಯಲ್ಲಿ ಮೊದಲೇ ಬಿಸಿ ಮಾಡಿಟ್ಟ ಎಂಜಿನ್ನನ್ನು ನಂಬಬಾರದು ಎಂದು ನೀನೇ ಹೇಳಿದ್ದೆ. ಎರಡನೆಯ ಸಲಕ್ಕೆ ಸ್ಟಾರ್ಟ್ ಆಯಿತು, ನೀಲಿ ಹೊಗೆ ಬರಲಿಲ್ಲ. ಆಯಿಲನ್ನು ಬಿಳಿ ಬಟ್ಟೆಗೆ ಒರೆಸಿ ನೋಡಿದೆ. ಹೊರಗೆ ಮರಳಿನ ದಿಬ್ಬ ಹತ್ತಿಸಿ ನಾಲ್ಕೂ ಗಾಲಿಗೆ ಬಲ ಬರುತ್ತದೆಯೇ ಎಂದು ನೋಡಿದೆ. ಬಲಗಡೆಯ ಸೀಟು ಸವೆದಿದೆ, ಎಡಗಡೆಯದು ಹೊಸದು. ಅದು ಇಂಥ ಎಲ್ಲ ಗಾಡಿಯಲ್ಲೂ ಇರುವುದೇ. ವೈಪರ್ ಇನ್ನೂ ಜಪಾನಿನ ಕಡೆಗೇ ಒರೆಸುತ್ತದೆ, ನನ್ನ ಕಣ್ಣ ಮುಂದಿನ ಮೂಲೆ ಒದ್ದೆಯಾಗಿಯೇ ಉಳಿಯುತ್ತದೆ. ದೀಪದ ಬೆಳಕು ಎದುರಿಗೆ ಬರುವವರ ಕಣ್ಣಿಗೆ ಹೊಡೆಯುತ್ತದೆ, ಅದನ್ನು ಸರಿಪಡಿಸಿಕೊಡಬೇಕೆಂದು ಕರಾರು ಮಾಡಿದ್ದೇನೆ. ಬೇರೆ ಅಂಗಳಗಳಲ್ಲೂ ಬೆಲೆ ವಿಚಾರಿಸಿ ಬಂದೆ.

ಗಾಡಿಯ ಕೆಳಗೆ ಮಾತ್ರ ನೋಡಲಾಗಲಿಲ್ಲ. ಬಗ್ಗಿದೆ, ವಿಲ್ಮೆರ್ ಓಡಿ ಬಂದ.

"ಅಯ್ಯೋ ಅಕ್ಕ, ಏನ್ಮಾಡ್ತಿದೀರಾ? ಚಾಲ್ಯ ಆದ ಗಾಡಿ ಇದು."

"ಆದ್ರೇನಂತೆ?"

"ತೀರ್ಥ ಬಿದ್ದ ಮೇಲೆ ಅಡಿಗೆ ನುಸುಳಿ ಇಣುಕಿದ್ರೆ ಮಾತೆ ಮಾತು ನಂಬಲ್ಲ ಅಂದ ಹಾಗೆ. ಆಮೇಲೆ ಗಾಡಿ ಕೈಕೊಟ್ರೆ ನನ್ನ ಕೇಳ್ಬೇಡಿ. ದೋನ್ ಇಲಾರಿಯೋನ್ ಬೇರೆ ಎಷ್ಟು ನೊಂದ್ಕೊತಾರೆ!"

ಸುತ್ತ ನಿಂತವರೆಲ್ಲ ತಲೆಯಾಡಿಸಿದರು. ನನಗೂ ಏನೋ ಹಿಂಜರಿಕೆಯಾಗಿ ಎದ್ದುಬಿಟ್ಟೆ. ಸ್ಟೇರಿಂಗ್ ದಂಡಕ್ಕೆ ಕಾಗದದ ಸುರುಳಿ, ಕೆಂಪು ಉಣ್ಣೆ ಎಲ್ಲ ಸುತ್ತಿದೆ. ಚೆಂದವಾಗಿಯೇ ಇದೆ.

ಅಮ್ಮಾ, ಜನವರಿಯಲ್ಲಿ ಹೆರಿಗೆಗೆ ಒಯ್ಯುತ್ತಿದ್ದ ಓರ್ತೆನ್ಸಿಯಾ ಉಪ್ಪಿನ ಬಯಲಿನ ನಡುವೆ, ಲಾರಿಯ ಹಿಂಬದಿಯಲ್ಲಿ, ನನ್ನ ಮಡಿಲಲ್ಲೇ ರಕ್ತ ಹೋಗಿ ಸತ್ತಳು. ಆ ಲಾರಿಗಾಗಿ ನಾವು ಒಂದು ಹಗಲು, ಒಂದು ರಾತ್ರಿ ಕಾದಿದ್ದೆವು. ಈ ಗಾಡಿಗೆಂದು ಇಲ್ಲಿನ ಹೆಂಗಸರು ತಾವು ಸಾಕಿದ ಲಾಮಾಗಳನ್ನು ಮಾರಿದ್ದಾರೆ. ಇನ್ನೂ ಮೂವರು ಬಸುರಿಯರು ನನ್ನ ಲೆಕ್ಕದಲ್ಲಿದ್ದಾರೆ. ನಿನ್ನ ಅನುಮಾನ ತೀರುವವರೆಗೆ ಹೆರಿಗೆ ಕಾಯುವುದಿಲ್ಲ.

ನಿಯೆವೆಸ್

*

ಒರುರೊ, ೧೬ ಜೂನ್ ೨೦೦೨

ನಿಯೆವೆಸ್,

ನೀನು ಎಂಜಿನ್ ನೋಡಿದ್ದೀಯ, ಸೀಟು ನೋಡಿದ್ದೀಯ, ಬೆಲೆ ನೋಡಿದ್ದೀಯ. ಅವರು ನೋಡಲು ಬಿಡದ ಜಾಗವೊಂದೇ ಉಳಿಯಿತು. ನನಗೆ ಅದೊಂದೇ ಸಾಕು.

ಯೋಚಿಸಿ ನೋಡು. ಕೊಂಡ ಮೇಲೆ ಆಶೀರ್ವಾದ ಮಾಡಿಸಿದರೆ ಅದು ಕೊಂಡವರನ್ನು ಕಾಯುತ್ತದೆ. ಮಾರುವ ಮೊದಲೇ ಮಾಡಿಸಿದರೆ ಯಾರನ್ನು ಕಾಯುತ್ತದೆ? ಮಾತೆಯ ಹೆಸರಿನಲ್ಲಿ ಮುಚ್ಚಿದ ಬಾಗಿಲನ್ನು ನಮ್ಮವರು ತಟ್ಟುವುದಿಲ್ಲ. ವಿಲ್ಮೆರ್‌ಗೆ ಅದು ಚೆನ್ನಾಗಿ ಗೊತ್ತು.

ಇನ್ನೊಂದು ಮಾತು. ಉಪ್ಪಿನ ಬಯಲಿನಲ್ಲಿ ಪ್ರವಾಸಿಗಳನ್ನು ಹೊತ್ತು ತಿರುಗಿದ ಗಾಡಿಗಳು ಮೇಲೆ ವಧುವಿನಂತೆ ಹೊಳೆಯುತ್ತವೆ, ಕೆಳಗೆ ಉಪ್ಪು ಕಬ್ಬಿಣವನ್ನು ತಿಂದಿರುತ್ತದೆ. ಅಂಥದ್ದನ್ನು ಮಾರುವಾಗ ಅಡಿಗೆ ಹೊಸ ಡಾಂಬರು ಬಳಿಯುತ್ತಾರೆ. ಹಳೆ ಗಾಡಿಯ ಅಡಿ ಹಳೆಯದಾಗಿಯೇ ಕಾಣಬೇಕು. ಹೊಸ ಕಪ್ಪು ಕಂಡರೆ ಅಲ್ಲಿಂದ ಎದ್ದು ಬಾ.

ನಿನಗೆ ಬಗ್ಗಲು ಹಿಂಜರಿಕೆ ಇದ್ದರೆ ಬೇಡ. ನಿನ್ನ ಧರ್ಮತಂದೆಯನ್ನು ವಿನಯದಿಂದಲೇ ಕೇಳು: ಅದೇ ಗಾಡಿಯಲ್ಲಿ ನಿನ್ನ ಪಕ್ಕ ಕೂತು ಘಟ್ಟ ಇಳಿಯಲಿ. ಹರಸಿದವರಿಗೆ ಹತ್ತಲು ಏನು ಕಷ್ಟ?

ಉಣ್ಣೆಯ ಕಾಲುಚೀಲ ಕಳಿಸಿದ್ದೇನೆ. ಬಸ್ಸಿನ ಡ್ರೈವರನ ಹತ್ತಿರ ಕೇಳಿ ತೆಗೆದುಕೋ.

ಅಮ್ಮ

*

ಸಂತೆಬೀದಿ, ೨ ಜುಲೈ ೨೦೦೨

ಕೊಮಾದ್ರೆ,

ನಿಮ್ಮ ಮಗಳು ಬಂದಿದ್ದಳು. ಘಟ್ಟದವರೆಗೆ ಹೋಗಿ ಬರೋಣ ಎಂದಳು. ನನ್ನ ಮಂಡಿನೋವು ನಿಮಗೆ ಗೊತ್ತು. ಮೇಲಾಗಿ ಅಂದು ಸಂಘದ ಸಭೆ ಇತ್ತು. ಅವಳ ಮಾತಿನ ಹಿಂದೆ ಯಾರಿದ್ದಾರೆಂದು ತಿಳಿಯದಷ್ಟು ದಡ್ಡ ನಾನಲ್ಲ.

ಮೂವತ್ತು ವರ್ಷದ ನಂಟು ನಮ್ಮದು. ನಿಮಗೆ ನನ್ನ ಮೇಲೆ ಅನುಮಾನವಿದ್ದರೆ ನೇರವಾಗಿ ಹೇಳಿ, ಹುಡುಗಿಯನ್ನು ಮುಂದೆ ಬಿಡಬೇಡಿ. ಅವಳಿಗೆ ಬೇಡವಾದರೆ ಬೇಡ. ಬೂದು ಗಾಡಿಗೆ ಗಿರಾಕಿಗಳ ಬರ ಇಲ್ಲ.

ಇ. ಚಾಂಬಿ

*

ಒರುರೊ, ೨೨ ಜುಲೈ ೨೦೦೨

ಕೊಂಪಾದ್ರೆ,

ನೇರವಾಗಿ ಹೇಳಿ ಎಂದಿರಿ. ಹೇಳುತ್ತೇನೆ. ಶನಿವಾರ ನಾನೇ ವಿಲ್ಮೆರ್‌ನ ಅಂಗಳಕ್ಕೆ ಹೋದೆ. ನಿಮ್ಮ ಕಿವಿಗೆ ಏನೇನೋ ಬಣ್ಣ ಹಚ್ಚಿ ಮುಟ್ಟಿಸಿರುತ್ತಾರೆ, ಹಾಗಾಗಿ ನಡೆದದ್ದನ್ನು ಬರೆಯುತ್ತಿದ್ದೇನೆ.

ನಿಯೆವೆಸ್ ಜೊತೆಗಿದ್ದಳು. ನಾನು ಶಾಲನ್ನು ನೆಲಕ್ಕೆ ಹಾಸಿದೆ. ವಿಲ್ಮೆರ್‌ಗೆ ಮೊದಲು ಅರ್ಥವಾಗಲಿಲ್ಲ.

"ಕೂತ್ಕೊಳ್ಳೋಕೆ ಕುರ್ಚಿ ತರಿಸ್ತೀನಿ ಅಜ್ಜಿ."

"ಕೂತ್ಕೊಳ್ಳೋಕಲ್ಲಪ್ಪ, ಮಲಗೋಕೆ."

"ಅಜ್ಜೀ! ಆಶೀರ್ವಾದ ಆದ ಗಾಡಿ ಅದು!"

"ಹಂಗಾದ್ರೆ ಒಳ್ಳೇದೇ ಆಯ್ತು. ಮೈಮೇಲೆ ಬೀಳಲ್ಲ."

ಎದುರು ಸಾಲಿನಲ್ಲಿ ಬಿಸಿ ಜೋಳದ ಪಾನಕ ಮಾರುವ ಹೆಂಗಸು ಕೂಗಿದಳು: "ಬನ್ರೇ, ಬನ್ರೇ, ಲೈಬ್ರರಿ ಅಮ್ಮ ಗಾಡಿ ಕೆಳಗೆ ಪುಸ್ತಕ ಹುಡುಕ್ತಿದಾರೆ!" ಜನ ಸೇರಿದರು. ಯಾರೋ ಶಿಳ್ಳೆ ಹೊಡೆದರು. ಇನ್ನೊಬ್ಬ, "ಪಾವಾಡೆ ಹುಷಾರು ದೋನ್ಯಾ, ಆಯಿಲ್ ಸೋರುತ್ತೆ" ಎಂದ. "ನಿನ್ನ ಮೂಗಿಗಿಂತ ಕಮ್ಮಿ ಸೋರುತ್ತೆ ಬಿಡೋ" ಎಂದು ನಾನು ಒಳಗಿನಿಂದಲೇ ಉತ್ತರ ಕೊಟ್ಟೆ. ನನ್ನ ವಯಸ್ಸಿನವಳು ನೆಲದ ಮೇಲೆ ತೆವಳುವುದು ಯಾರಿಗಾದರೂ ನಗುವೇ. ನಗಲಿ.

ಅಡಿಯೆಲ್ಲ ಹೊಸ ಡಾಂಬರು. ಇನ್ನೂ ವಾಸನೆ ಹೋಗಿರಲಿಲ್ಲ. ಹೆಣಿಗೆಯ ಕಡ್ಡಿ ನನ್ನ ಚೀಲದಲ್ಲಿ ಯಾವಾಗಲೂ ಇರುತ್ತದೆ. ಚಾಸಿಯ ಉದ್ದಕ್ಕೂ ಕೆರೆಯುತ್ತ ಹೋದೆ. ಹಿಂದಿನ ಗಾಲಿಯ ಹತ್ತಿರ ಕಡ್ಡಿಯ ತುದಿ ಕಬ್ಬಿಣದೊಳಗೆ ಇಳಿಯಿತು. ಸಾರಿನಲ್ಲಿ ನೆನೆದ ರೊಟ್ಟಿಗೆ ಚುಚ್ಚಿದ ಹಾಗೆ. ಹೊರಗೆಳೆದಾಗ ಉಪ್ಪು ಬೆರೆತ ತುಕ್ಕು ಮುಖದ ಮೇಲೆ ಉದುರಿತು. ನಾಲಿಗೆಗೆ ರುಚಿ ಹತ್ತಿತು.

ಎದ್ದು ಬಂದು ಒಳಗಿನ ಕಾಗದದ ಸುರುಳಿಗೆ ಕೈ ಹಾಕಿದೆ. ಆಗ ವಿಲ್ಮೆರ್ ನನ್ನ ಮಣಿಕಟ್ಟು ಹಿಡಿದ. ನಿಯೆವೆಸ್ ಅವನಿಗೆ, "ಕೈ ಬಿಡು. ಮುರಿದ್ರೆ ಪ್ಲಾಸ್ಟರ್ ಹಾಕೋಳೂ ನಾನೇ, ಪೊಲೀಸಿಗೆ ಹೇಳೋಳೂ ನಾನೇ" ಎಂದಳು. ಬಿಟ್ಟ. ಬಿಚ್ಚಿದೆ. ಸುತ್ತ ನಿಂತವರೆಲ್ಲ ನೋಡಿದರು. ದಂಡವನ್ನು ಎರಡು ತುಂಡು ಸೇರಿಸಿ ಬೆಸೆದಿದ್ದಾರೆ. ಒಳಗೆ ಆಧಾರದ ಕೊಳವೆಯಿಲ್ಲ, ಮೊಳೆಯಿಲ್ಲ, ಬರೀ ಮೇಲು ಬೆಸುಗೆ. ಮಕಾರಿಯೊನ ಜೀಪಿನಲ್ಲಿ ಕಂಡ ಅದೇ ಕೈ, ಅದೇ ಮೀನಿನ ಹುರುಪೆಯಂಥ ಸಾಲು.

ಆಮೇಲೆ ಯಾರೂ ನಗಲಿಲ್ಲ. ಆದರೆ ವಿಲ್ಮೆರ್‌ನನ್ನು ಏನೂ ಕೇಳದೆ ಒಬ್ಬೊಬ್ಬರೇ ಸರಿದು ಹೋದರು. ಪಾನಕದವಳು ಮಾತ್ರ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. ನನ್ನ ಪಾಪಕ್ಕೋ, ಅವರ ಪಾಪಕ್ಕೋ ತಿಳಿಯಲಿಲ್ಲ.

ಕೊಂಪಾದ್ರೆ, ನನ್ನ ನೆನಪು ಉದ್ದ, ಅದು ನಿಮಗೂ ಗೊತ್ತು. ಸಾಂತಾ ರುಫಿನಾ ಗಣಿಯಲ್ಲಿ ನೀವು ಕಾರ್ಮಿಕರ ಪ್ರತಿನಿಧಿಯಾಗಿದ್ದಾಗ, ಕೆಲಸಗಾರರನ್ನು ಸುರಂಗಕ್ಕೆ ಇಳಿಸುವ ತೊಟ್ಟಿಲಿನ ಹಗ್ಗವನ್ನು ನೀವೇ ಗೇಣುಗೇಣಾಗಿ ಮುಟ್ಟಿ ನೋಡುವವರೆಗೆ ಒಬ್ಬನನ್ನೂ ಕೆಳಗೆ ಇಳಿಯಲು ಬಿಟ್ಟಿರಲಿಲ್ಲ. ಮ್ಯಾನೇಜರ್ ಪಾದ್ರಿಯನ್ನು ಕರೆಸಿ ಹಗ್ಗಕ್ಕೆ ತೀರ್ಥ ಹಾಕಿಸಿದ. "ಹಗ್ಗ ಒದ್ದೆ ಆಯ್ತು ಅಷ್ಟೇ, ಸ್ವಾಮಿ, ಗಟ್ಟಿ ಆಗ್ಲಿಲ್ಲ" ಎಂದವರು ನೀವು. ಸೆವೆರೊ ಆ ಮಾತನ್ನು ಸಾಯುವವರೆಗೂ ಹೇಳಿ ನಗುತ್ತಿದ್ದರು. ಆ ಮನುಷ್ಯ ಎಲ್ಲಿ ಹೋದ?

ನೀವೇ ಹೋಗಿ ಆ ಬೂದು ಗಾಡಿಯ ಅಡಿ ನೋಡಿ. ನೋಡಿದ್ದನ್ನು ಸಂತೆಯಲ್ಲಿ ಹೇಳಿ. ನನಗೆ ಇನ್ನೇನೂ ಬೇಡ.

ಕಸಿಮಿರಾ

*

ಸಂತೆಬೀದಿ, ೪ ಆಗಸ್ಟ್ ೨೦೦೨

ಕೊಮಾದ್ರೆ,

ಹೋಗಿದ್ದೆ. ಬೆಳಗಾಗುವ ಮೊದಲು, ಒಬ್ಬನೇ.

ನೀವು ಬರೆದದ್ದು ಸುಳ್ಳಲ್ಲ. ಬೆಸುಗೆ ಹಾಕುವವನ ಕೈ ಅವನ ಅಕ್ಷರದ ಹಾಗೆ; ಕಲಿಸಿದವನಿಗೆ ಗುರುತಾಗದೇ ಇರುತ್ತದೆಯೇ? ಯಾರದೆಂದು ನಾನು ಬರೆಯುವುದಿಲ್ಲ. ನೀವೂ ಕೇಳಬೇಡಿ.

ವಿಲ್ಮೆರ್‌ಗೆ ಹೇಳಿದೆ, ಆ ಗಾಡಿಯನ್ನು ಬಿಡಿಭಾಗಕ್ಕೆ ಒಡೆದು ಹಾಕು ಎಂದು. ನಕ್ಕ. "ದೋನ್, ಮಾಲೆ ಹಾಕಿದ್ದು ನೀವು, ಬೆಸೆದಿದ್ದು ಯಾರು ಅಂತ ನಾನು ಬಾಯಿ ಬಿಡ್ಲಾ?" ಎಂದ. ನಾನು ಮನೆಗೆ ಬಂದೆ. ಮೊಮ್ಮಗು ತೊಟ್ಟಿಲಲ್ಲಿ ಮಲಗಿತ್ತು.

ನಿಯೆವೆಸ್ ಆ ಗಾಡಿ ಕೊಳ್ಳುವುದು ಬೇಡ. ಇಷ್ಟಕ್ಕೆ ಬಿಡಿ. ನಾವು ಹಳಬರು, ಇಷ್ಟಕ್ಕೆ ಬಿಡೋಣ.

ಇಲಾರಿಯೋನ್

*

ತೊಲಾಪಾಂಪಾ, ೨೫ ಆಗಸ್ಟ್ ೨೦೦೨

ಅಮ್ಮಾ,

ಮೊದಲು ಒಳ್ಳೆಯ ಸುದ್ದಿ. ಗಾಡಿ ಕೊಂಡೆ. ಬೂದು ಜೀಪಿಗಿಂತಲೂ ಹಳೆಯದು, ಮಣ್ಣಿನ ಬಣ್ಣ, ಒಂದು ಬಾಗಿಲಿಗೆ ಹಗ್ಗ ಕಟ್ಟಬೇಕು. ಆದರೆ ಕಾರ್ಖಾನೆಯಿಂದಲೇ ಎಡಗಡೆ ಸ್ಟೇರಿಂಗ್. ರಸ್ತೆ ಕೆಲಸದ ಮೇಸ್ತ್ರಿಯೊಬ್ಬರ ವಿಧವೆ ಮಾರಿದರು. ನಾನು ಬಾಯಿ ತೆರೆಯುವ ಮೊದಲೇ ಅವರು ಕಂಬಳಿ ತಂದು ಹಾಸಿ, "ಮಲ್ಕೊಂಡು ನೋಡಮ್ಮ, ಕೊಂಡ ಮೇಲೆ ನನ್ನ ಗಂಡನ್ನ ಬೈಯ್ಬಾರ್ದು ನೋಡು" ಎಂದರು. ಕೆಳಗೆ ತುಕ್ಕಿದೆ, ಆದರೆ ಮೇಲುಮೇಲಿನದು, ಕಡ್ಡಿ ಇಳಿಯಲಿಲ್ಲ. ಉಳಿದ ಹಣದಲ್ಲಿ ಟೈರು, ಬ್ರೇಕು ಬದಲಾಯಿಸಿದೆ. ಮೊನ್ನೆ ಫೆಲೀಪಾಳನ್ನು ಸಮಯಕ್ಕೆ ಆಸ್ಪತ್ರೆ ಮುಟ್ಟಿಸಿದೆ. ಹೆಣ್ಣು ಮಗು.

ಇನ್ನೊಂದು ಸುದ್ದಿಯನ್ನು ಎರಡು ದಿನದಿಂದ ಬರೆಯಬೇಕು ಎಂದುಕೊಳ್ಳುತ್ತಿದ್ದೇನೆ. ಪೇಟೆಗೆ ಹೋದಾಗ ವಿಲ್ಮೆರ್‌ನ ಅಂಗಳ ನೋಡಿ ಬಂದೆ. ಬೂದು ಜೀಪು ಅಲ್ಲಿಲ್ಲ.

"ಒಡೆದ್ಯಾ?" ಎಂದು ಕೇಳಿದೆ.

"ಒಡೆಯೋದ್ಯಾಕೆ ಅಕ್ಕ? ಹಬ್ಬದ ದಿನ ಹೋಯ್ತು. ಯಾರೋ ಬಂದ್ರು, ಕೊಂಡ್ರು, ಹೋದ್ರು."

"ಯಾರು?"

"ಹೆಸರು ಕೇಳೋಕೆ ನಾನೇನು ಪಾದ್ರಿನಾ?"

ನೋಂದಣಿ ಇಲ್ಲದ ಗಾಡಿ ಅದು. ಯಾವ ಕಚೇರಿಯಲ್ಲೂ ಹುಡುಕಲಾಗದು. ಪಾನಕದ ಹೆಂಗಸು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು: ಹೊಸ ಮಾಲೆ, ಹೊಸ ಕಾಗದದ ಸುರುಳಿ, ಒಳಗೆ ಗಂಡ ಹೆಂಡತಿ, ಮಕ್ಕಳು, ಮೇಲೆ ಹಾಸಿಗೆ ಗಂಟು. ದಕ್ಷಿಣದ ದಾರಿ ಹಿಡಿದರಂತೆ. ಹೊರಡುವಾಗ ಆ ಗಂಡಸು ಧರ್ಮತಂದೆಯನ್ನು ತಬ್ಬಿಕೊಂಡು, "ಇವತ್ತಿಂದ ನಾವು ಕೊಂಪಾದ್ರೆ" ಎಂದು ಅತ್ತನಂತೆ.

ಅಮ್ಮಾ, ಧರ್ಮತಂದೆ ಅಲ್ಲಿದ್ದರು. ನೋಡಿದ ಮೇಲೂ ಅಲ್ಲಿದ್ದರು.

ನಾನು ಬದುಕಿಕೊಂಡೆ, ಅವರು ಕೊಂಡರು. ನನಗೆ ಅದನ್ನು ನುಂಗಲಾಗುತ್ತಿಲ್ಲ.

ನಿಯೆವೆಸ್

*

ಒರುರೊ, ೮ ಸೆಪ್ಟೆಂಬರ್ ೨೦೦೨

ಹಳೆ ಗಾಡಿ ವ್ಯಾಪಾರಿಗಳ ಸಂಘಕ್ಕೆ, ಅದರ ಅಧ್ಯಕ್ಷ ದೋನ್ ಇಲಾರಿಯೋನ್ ಚಾಂಬಿಯವರಿಗೆ ಬಹಿರಂಗ ಪತ್ರ
(ಒಂದು ಪ್ರತಿ ಇಗರ್ಜಿಯ ಪಾದ್ರಿಗಳಿಗೆ, ಒಂದು ಪ್ರತಿ ಬೆಳಗಿನ ರೇಡಿಯೊದಲ್ಲಿ ಓದಲು)

ಆಗಸ್ಟ್ ಹದಿನೈದರಂದು, ಮಾತೆಯ ಹಬ್ಬದ ದಿನ, ನಿಮ್ಮ ಸಂತೆಯಿಂದ ಒಂದು ಬೂದು ಜೀಪು ಮಾರಾಟವಾಯಿತು. ಅದರ ಹಿಂಗಾಲಿಯ ಬಳಿ ಚಾಸಿಯನ್ನು ಉಪ್ಪು ತಿಂದಿದೆ. ಅದರ ಸ್ಟೇರಿಂಗ್ ದಂಡ ಮಕಾರಿಯೊನ ಗಾಡಿಯಲ್ಲಿ ಮುರಿದ ದಂಡದ ಹಾಗೆಯೇ ಬೆಸೆದದ್ದು. ಇದನ್ನು ನಾನು ಹಗಲಿನಲ್ಲಿ, ಸಂತೆಯ ಜನರ ಎದುರು ಬಿಚ್ಚಿ ತೋರಿಸಿದ್ದೇನೆ. ಅಂದು ನೋಡಿದವರು ಈಗ ರೇಡಿಯೊ ಕೇಳುತ್ತಿರಬಹುದು. ನಿಮ್ಮ ಮೌನವೂ ಆ ಮಾರಾಟದಲ್ಲಿ ಪಾಲುದಾರ.

ದೋನ್ ಇಲಾರಿಯೋನ್, ನೀವು ಆ ಗಾಡಿಯ ಅಡಿಯನ್ನು ನೋಡಿದಿರಿ. ನೋಡಿದ ಮೇಲೆ ಅದಕ್ಕೆ ಎರಡನೆಯ ಸಲ ಮಾಲೆ ಹಾಕಿದಿರಿ. ಏಕೆಂದು ನಾನು ಕೇಳುವುದಿಲ್ಲ. ಬೆಸೆದವರು ಯಾರು ಎಂದೂ ಇಲ್ಲಿ ಕೇಳುವುದಿಲ್ಲ. ತೊಟ್ಟಿಲಲ್ಲಿ ಮಗು ಮಲಗಿರುವ ಮನೆಯ ಬಾಗಿಲನ್ನು ನಾನು ಒದೆಯುವವಳಲ್ಲ. ಆದರೆ ಆ ಜೀಪಿನೊಳಗೂ ಮಕ್ಕಳಿದ್ದರು.

ವಿಲ್ಮೆರ್‌ಗೆ ಅವರ ಹೆಸರು ಬೇಕಿರಲಿಲ್ಲ. ನಿಮಗೆ ಹಾಗಲ್ಲ. ನಮ್ಮಲ್ಲಿ ಹೆಸರು, ಊರು ಹೇಳದೆ ಯಾರೂ ಯಾರಿಗೂ ಕೊಂಪಾದ್ರೆ ಆಗುವುದಿಲ್ಲ. ಆ ಮನುಷ್ಯ ನಿಮ್ಮನ್ನು ತಬ್ಬಿಕೊಂಡು ತನ್ನ ಹೆಸರು ಹೇಳಿದ್ದಾನೆ, ಹೆಂಡತಿಯ ಹೆಸರು ಹೇಳಿದ್ದಾನೆ, ಹಬ್ಬಕ್ಕೆ ಬನ್ನಿ ಎಂದು ಊರಿನ ಹೆಸರೂ ಹೇಳಿರುತ್ತಾನೆ. ದಕ್ಷಿಣದ ದಾರಿಯಲ್ಲಿ ಎಷ್ಟು ಘಟ್ಟಗಳಿವೆ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಮಳೆಗಾಲ ಶುರುವಾದರೆ ಆ ಗಾಡಿ ಕೆಸರಿನಲ್ಲಿ ಇಳಿಯಬೇಕು.

ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ, ಸುರಂಗಮಾತೆಯ ಇಗರ್ಜಿಯ ಮೆಟ್ಟಿಲ ಮೇಲೆ, ರೇಡಿಯೊದವರ ಮೈಕಿನ ಮುಂದೆ ನಿಂತು ಹೇಳಿ: ಆ ಕುಟುಂಬ ಯಾವುದು, ಯಾವ ಊರಿನದು? ಅವರಿಗೆ ಗಾಡಿ ನಿಲ್ಲಿಸಿ ಎಂದು ಹೇಳುವವರು ಯಾರು, ನೀವೋ ನಾನೋ?

ಕಸಿಮಿರಾ ತೊರ್ರೆಸ್
ನಿವೃತ್ತ ಗ್ರಂಥಪಾಲಕಿ